ಮಲ್ಲನಿಗೆ ಆಶ್ರಯದಾತರು ಯಾರು? ದಾರಾಸಿಂಗರ ಎರಡನೆಯ ವೃತ್ತಿಯನ್ನು ಕುರಿತು

ಕ್ರೀಡಾಪಟುಗಳು ಅಂಗಸಾಧನೆಯ ವಯಸ್ಸು ಮುಗಿದ ಮೇಲೆ ನಾಟಕ, ಚಲಚ್ಚಿತ್ರ ಮೊದಲಾದ ವಿನೋದರಂಗಗಳನ್ನು ಸೇರುವ ಸಂಗತಿಯನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ಲಕ್ಷಿಸಿಲ್ಲ. ಅದು ವಾರಪತ್ರಿಕೆಗಳ ಮನರಂಜನೆಯ ಪುಟಕ್ಕೆ ಸೇರಿದ ವಿಷಯವೆಂದು ಭಾವಿಸಿರುವುದೇ ಇದಕ್ಕೆ ಕಾರಣವಾಗಿರಬೇಕು. ಆದರೆ ಒಬ್ಬ ಮನುಷ್ಯನು ತನ್ನ ದೇಹಬಲವನ್ನು ಯಾರ ಮುಂದೆ ಪ್ರದರ್ಶಿಸಿ ಅನ್ನವನ್ನು ಸಂಪಾದಿಸಿದನು, ಆ ಅನ್ನದಾತರು ಮರೆಯಾದ ಮೇಲೆ ಯಾರ ಕಡೆಗೆ ತಿರುಗಿದನು ಎಂಬ ಪ್ರಶ್ನೆ ಸಾಮಾಜಿಕ ಮತ್ತು ಆರ್ಥಿಕ ಚರಿತ್ರೆಯ ಪ್ರಶ್ನೆಯೇ ಸರಿ. ಪ್ರಕೃತ ಲೇಖನದಲ್ಲಿ ನಾವು ಪಂಜಾಬಿನ ಮಲ್ಲ ದಾರಾಸಿಂಗರ (1928-2012) ವೃತ್ತಿಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ದಾರಾಸಿಂಗರ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ನಡೆದುಬಂದಿವೆ. ಅಭಿಮಾನಿಗಳ ಮಟ್ಟಿಗೆ ಅವರು ಸೋಲೆಂಬುದನ್ನೇ ಕಾಣದ ಜಗಜಟ್ಟಿ. ಕುಸ್ತಿಯಿಂದ ದಣಿದ ಮೇಲೆ ಸಿನಿಮಾಕ್ಕೆ ಹೋಗಿ ಅಲ್ಲಿಯೂ ಗೆದ್ದವರು. ಗರಡಿಯ ಸಂಪ್ರದಾಯವನ್ನು ಬಲ್ಲ ಹಿರಿಯರ ಮಾತೇ ಬೇರೆ: ಮಣ್ಣಿನ ಕುಸ್ತಿಯನ್ನು ಬಿಟ್ಟು ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಟಿಕೆಟ್ಟಿನ ಆಟಕ್ಕೆ ನಿಂತಾಗಲೇ ಆತ ನಟನಾದನು, ಸಿನಿಮಾ ಅದರ ಮುಂದಿನ ಮೆಟ್ಟಲು ಮಾತ್ರ ಎಂಬುದು ಅವರ ಆಕ್ಷೇಪಣೆ. ಈ ಎರಡರಲ್ಲಿ ಎರಡನೆಯದೇ ಸತ್ಯಕ್ಕೆ ಹೆಚ್ಚು ಸಮೀಪವಾದುದೆಂದು ನಮಗೆ ತೋರುತ್ತದೆ; ಆದರೆ ಅದರಲ್ಲಿ ಅಡಗಿರುವ ದೂಷಣೆಯನ್ನು ನಾವು ಒಪ್ಪಲಾರೆವು. ಮಲ್ಲನು ನೋಟಕರ ವಿನೋದಕ್ಕಾಗಿ ಕಾದಿ ಜೀವಿಸುವುದು ನಮ್ಮ ದೇಶದಲ್ಲಿ ಹೊಸದಾಗಿ ಹುಟ್ಟಿದ ಪದ್ಧತಿಯಲ್ಲವಷ್ಟೆ.

ಈ ಮಾತಿಗೆ ಆಧಾರವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿಷಯ ಬರುವುದು ಸೈನ್ಯದ ಪ್ರಕರಣದಲ್ಲಲ್ಲ, ವಿನೋದಗಳ ಪ್ರಕರಣದಲ್ಲಿ. ಸಂಗೀತ, ನೃತ್ಯ, ಗಜಯುದ್ಧ, ಕೋಳಿಗಳ ಕಾಳಗ ಮೊದಲಾದ ರಾಜವಿನೋದಗಳ ಸಾಲಿನಲ್ಲಿಯೇ ಮಲ್ಲವಿನೋದವೂ ಸೇರಿದೆ. ಮಲ್ಲರಲ್ಲಿ ಜ್ಯೇಷ್ಠಿಕ ಮೊದಲಾದ ತರಗತಿಗಳು, ಅವರ ಆಹಾರ, ಅವರ ಸಾಧನೆ, ಅರಸನ ಸಮ್ಮುಖದಲ್ಲಿ ಅವರು ಕಾದುವ ಕ್ರಮ ಎಲ್ಲವೂ ಅಲ್ಲಿ ನಿರೂಪಿತವಾಗಿವೆ. ನಮ್ಮ ‘ಜಟ್ಟಿ’ ಎಂಬ ಪದ ಈ ಜ್ಯೇಷ್ಠಿಯಿಂದಲೇ ಬಂದಿತೆಂದು ಹಲವರು ಅಭಿಪ್ರಾಯಪಡುತ್ತಾರೆ. ಮೈಸೂರಿನಲ್ಲಿ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿದುಹೋಗುತ್ತದೆ; ಅದು ಯುದ್ಧವೆನ್ನುವುದಕ್ಕಿಂತ ಉತ್ಸವದ ಒಂದು ಅಂಗವೆನ್ನುವುದೇ ಯುಕ್ತ. ಹೀಗೆ ಕುಸ್ತಿಗೂ ರಂಗಕ್ಕೂ ಇರುವ ನಂಟು ಬಹು ಹಳೆಯದು. ಕಾಲಕಾಲಕ್ಕೆ ಬದಲಾದುದು ನೋಡುವವರು ಯಾರು, ಕೊಡುವವರು ಯಾರು ಎಂಬುದಷ್ಟೇ.

ಬ್ರಿಟಿಷರ ಕಾಲದಲ್ಲಿ ಈ ಕೊಡುವ ಕೈ ದೇಶೀಯ ಸಂಸ್ಥಾನಗಳದಾಗಿತ್ತು. ಕೊಲ್ಹಾಪುರದ ಶಾಹು ಮಹಾರಾಜರು ಕಟ್ಟಿಸಿದ, 1912ರಲ್ಲಿ ಆರಂಭವಾದ ಖಾಸಬಾಗ್ ಕುಸ್ತಿ ಮೈದಾನವನ್ನು ಬೆಳಗಾವಿ, ಧಾರವಾಡಗಳ ಕಡೆಯ ಪೈಲ್ವಾನರು ಇಂದಿಗೂ ಪುಣ್ಯಸ್ಥಳದಂತೆ ಕಾಣುತ್ತಾರೆ. ಉತ್ತರದಲ್ಲಿ ಪಟಿಯಾಲಾ, ದತಿಯಾ ಮೊದಲಾದ ಸಂಸ್ಥಾನಗಳು ಮಲ್ಲರಿಗೆ ಹಾಲು, ತುಪ್ಪ, ಬಾದಾಮಿಗಳ ವೆಚ್ಚವನ್ನು ಒದಗಿಸಿ ಸಾಕುತ್ತಿದ್ದುವು. ಪ್ರಸಿದ್ಧ ಗಾಮಾ ಪೈಲ್ವಾನನು ಈ ಪದ್ಧತಿಯ ಅತ್ಯುನ್ನತ ಫಲ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜಿಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಕಾಲ ಗಾಮಾನ ಹಿಡಿತದಿಂದ ತಪ್ಪಿಸಿಕೊಂಡು ನೆಲಕ್ಕೆ ಅಂಟಿಕೊಂಡಿದ್ದನು. ಮರುವಾರದ ಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾ ಮಹಾರಾಜರ ಆಶ್ರಯದಲ್ಲಿ ಅದೇ ಜಿಬಿಸ್ಕೊನನ್ನು ಗಾಮಾ ಒಂದು ನಿಮಿಷ ತುಂಬುವುದರೊಳಗಾಗಿ ಚಿತ್ ಮಾಡಿದನು. ಇಂಥ ಪಂದ್ಯವನ್ನು ಕೂಡಿಸುವ ಶಕ್ತಿ ಆಗ ಒಬ್ಬ ಅರಸನಿಗೆ ಮಾತ್ರವಿತ್ತು.

1947ರಿಂದ ಎರಡು ಮೂರು ವರ್ಷಗಳೊಳಗೆ ಈ ವ್ಯವಸ್ಥೆ ಕುಸಿದುಬಿದ್ದಿತು. ಸಂಸ್ಥಾನಗಳು ವಿಲೀನವಾದುವು, 1971ರಲ್ಲಿ ರಾಜಧನವೂ ರದ್ದಾಯಿತು. ಪಂಜಾಬ್ ಇಬ್ಭಾಗವಾದಾಗ ಅಖಾಡಗಳ ಗುರುಪರಂಪರೆಯೂ ಇಬ್ಭಾಗವಾಯಿತು. ಪಾಕಿಸ್ತಾನದಲ್ಲಿ ಉಳಿದ ಗಾಮಾ ತನ್ನ ಕೊನೆಯ ವರ್ಷಗಳನ್ನು ಕಾಯಿಲೆಯಲ್ಲಿಯೂ ಹಣದ ಅಡಚಣೆಯಲ್ಲಿಯೂ ಕಳೆದು, ಪರರ ಸಹಾಯವನ್ನು ಪಡೆಯಬೇಕಾಗಿ ಬಂದು, 1960ರ ಮೇ 23ರಂದು ಲಾಹೋರಿನಲ್ಲಿ ತೀರಿಕೊಂಡನು. ದಾರಾಸಿಂಗರು ಮಾಡಿದ ಆಯ್ಕೆಗಳನ್ನು ತೂಗಿ ನೋಡುವವರು ಈ ಸಾವನ್ನು ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಇಟ್ಟುಕೊಂಡಿರಬೇಕೆಂದು ನಮ್ಮ ವಿನಂತಿ.

ದಾರಾಸಿಂಗ್ ರಂಧಾವಾ ಅಮೃತಸರ ಜಿಲ್ಲೆಯ ಧರ್ಮೂಚಕ್ ಗ್ರಾಮದಲ್ಲಿ 1928ರ ನವೆಂಬರ್ 19ರಂದು ಒಕ್ಕಲುತನದ ಮನೆಯಲ್ಲಿ ಹುಟ್ಟಿದರು. ಇಪ್ಪತ್ತು ತುಂಬುವ ಮೊದಲೇ ಜೀವನೋಪಾಯಕ್ಕಾಗಿ ಸಿಂಗಪುರಕ್ಕೆ ಹೋದರು. ಕಾರ್ಖಾನೆಯಲ್ಲಿ ಕೂಲಿ ಮಾಡುತ್ತ ಹರನಾಮ್ ಸಿಂಗ್ ಎಂಬ ಉಸ್ತಾದರಲ್ಲಿ ಕುಸ್ತಿ ಕಲಿತರು. ಕಲಿತ ಸ್ಥಳ ಗ್ರೇಟ್ ವರ್ಲ್ಡ್. ಈ ಸ್ಥಳವನ್ನು ಕುರಿತು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ. ಎರಡು ಮಹಾಯುದ್ಧಗಳ ನಡುವೆ ಸಿಂಗಪುರದಲ್ಲಿ ನ್ಯೂ ವರ್ಲ್ಡ್, ಗ್ರೇಟ್ ವರ್ಲ್ಡ್, ಹ್ಯಾಪಿ ವರ್ಲ್ಡ್ ಎಂಬ ಮೂರು ವಿನೋದೋದ್ಯಾನಗಳು ಹುಟ್ಟಿಕೊಂಡಿದ್ದುವು. ಸಂಜೆ ಬಾಗಿಲಲ್ಲಿ ಚಿಲ್ಲರೆ ಕಾಸು ಕೊಟ್ಟು ಒಳಗೆ ಹೋದವನಿಗೆ ಒಂದೇ ಆವರಣದಲ್ಲಿ ಮಲಯ ಭಾಷೆಯ ಬಂಗ್ಸಾವನ್ ನಾಟಕ, ಚೀನೀಯರ ಗೇಯನಾಟಕ, ಚಲಚ್ಚಿತ್ರ, ನೃತ್ಯಶಾಲೆ, ತಿಂಡಿಯ ಅಂಗಡಿ, ಮುಷ್ಟಿಯುದ್ಧ, ಕುಸ್ತಿ ಎಲ್ಲವೂ ದೊರೆಯುತ್ತಿದ್ದುವು. ಒಂದು ಡೇರೆಯಲ್ಲಿ ನಟ, ಪಕ್ಕದ ಡೇರೆಯಲ್ಲಿ ಮಲ್ಲ. ಇಬ್ಬರೂ ಅದೇ ಜನರ ಜೇಬಿಗಾಗಿ ಪೈಪೋಟಿ ನಡೆಸಿದವರು. ಊರಿನ ಅಖಾಡದಲ್ಲಿ ಆಂಜನೇಯನಿಗೆ ಕೈಮುಗಿದು ಮಣ್ಣಿಗೆ ಇಳಿದ ಮಲ್ಲನ ಮನಸ್ಸಿನಲ್ಲಿ ಕುಸ್ತಿಯೇ ಬೇರೆ, ಆಟದ ಮೇಳವೇ ಬೇರೆ ಎಂಬ ಭೇದವು ದೃಢವಾಗಿದ್ದಿರಬಹುದು. ಗ್ರೇಟ್ ವರ್ಲ್ಡಿನಲ್ಲಿ ಪಳಗಿದ ತರುಣನಿಗೆ ಆ ಭೇದದ ಅರ್ಥ ಆಗುವಂತಿರಲಿಲ್ಲ.

ಮಲಯದ ಚಾಂಪಿಯನ್ ಪದವಿಯನ್ನು ಗಳಿಸಿ ಸ್ವದೇಶಕ್ಕೆ ಮರಳಿದ ದಾರಾಸಿಂಗರು 1954ರಲ್ಲಿ ಟೈಗರ್ ಜೋಗಿಂದರ್ ಸಿಂಗನನ್ನು ಗೆದ್ದು ರುಸ್ತುಮ್-ಎ-ಹಿಂದ್ ಎನಿಸಿಕೊಂಡರು. ಆ ಸಂದರ್ಭದಲ್ಲಿ ಬೆಳ್ಳಿಯ ಬಟ್ಟಲನ್ನು ಕೊಟ್ಟವರು ಕಾಶ್ಮೀರದ ಮಹಾರಾಜ ಹರಿಸಿಂಗರು ಎಂದು ಅವರ ಜೀವನವೃತ್ತಾಂತಗಳು ಹೇಳುತ್ತವೆ. ಆ ವೇಳೆಗೆ ಹರಿಸಿಂಗರ ಸಿಂಹಾಸನ ಹೋಗಿ ಎರಡು ವರ್ಷವಾಗಿತ್ತು. ಬಟ್ಟಲು ಕೊಡಬಲ್ಲವರಾಗಿದ್ದರೇ ಹೊರತು ಮಲ್ಲನನ್ನು ಸಾಕಬಲ್ಲವರಾಗಿರಲಿಲ್ಲ. ಸಾಕಿದವರು ಮುಂಬಯಿ, ಕಲ್ಕತ್ತ, ದೆಹಲಿಗಳಲ್ಲಿ ಟಿಕೆಟ್ಟು ಕೊಂಡ ಸಹಸ್ರಾರು ಮಂದಿ. ‘ಫ್ರೀಸ್ಟೈಲ್’ ಎಂಬ ಹೆಸರಿನಿಂದ ಆಗ ಊರೂರಲ್ಲಿ ಹಬ್ಬಿದ ಈ ಕುಸ್ತಿಗೆ ಮಣ್ಣಿನ ಬದಲು ಗುಡಾರಬಟ್ಟೆಯ ನೆಲ, ಸುತ್ತ ಹಗ್ಗ, ಮೇಲೆ ವಿದ್ಯುದ್ದೀಪ. ಬುಡಾಪೆಸ್ಟಿನಲ್ಲಿ ಹುಟ್ಟಿ ಕಿಂಗ್‌ಕಾಂಗ್ ಎಂಬ ಹೆಸರನ್ನು ಧರಿಸಿದ್ದ ಭೀಮಕಾಯದ ಎಮಿಲ್ ಚಾಯಾ ಹಾಗೂ ದಾರಾಸಿಂಗರ ಪಂದ್ಯಗಳು ಊರಿನಿಂದ ಊರಿಗೆ ನಾಟಕ ಕಂಪನಿಯ ಮೊಕ್ಕಾಮಿನಂತೆಯೇ ಸಂಚರಿಸಿದುವು. 1959ರಲ್ಲಿ ಕಲ್ಕತ್ತದಲ್ಲಿ ಜಾರ್ಜ್ ಗೋರ್ಡಿಯೆಂಕೊನನ್ನು ಗೆದ್ದು ಕಾಮನ್‌ವೆಲ್ತ್ ಪದವಿಯನ್ನೂ, 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್ಸನನ್ನು ಗೆದ್ದು ವಿಶ್ವ ಪದವಿಯನ್ನೂ ಅವರು ಪಡೆದರು.

ಈ ಪಂದ್ಯಗಳ ಫಲಿತಾಂಶ ಮೊದಲೇ ನಿಶ್ಚಿತವಾಗಿರುತ್ತಿತ್ತೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ವೃತ್ತಿಪರ ಕುಸ್ತಿಯು ಲೋಕದ ಎಲ್ಲ ಕಡೆಯೂ ವ್ಯವಸ್ಥಾಪಕರ ಏರ್ಪಾಟಿನ ಪ್ರದರ್ಶನವೆಂಬುದು ಈಗ ಗುಟ್ಟೇನೂ ಅಲ್ಲ. ಫ್ರೆಂಚ್ ಲೇಖಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತನ್ನ ಪುಸ್ತಕದ ಮೊದಲ ಪ್ರಬಂಧದಲ್ಲಿಯೇ ಕುಸ್ತಿಯು ಕ್ರೀಡೆಯಲ್ಲ, ದೃಶ್ಯವಿನೋದವೆಂದು ಪ್ರತಿಪಾದಿಸಿದ್ದಾನೆ. ದುಷ್ಟನ ಗರ್ವ, ಶಿಷ್ಟನ ಸಂಕಟ, ಕೊನೆಗೆ ನ್ಯಾಯದ ಜಯ ಇವುಗಳನ್ನು ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಕಾಣುವಂತೆ ಅಂಗಾಂಗಗಳಿಂದ ತೋರಿಸುವುದೇ ಅಲ್ಲಿನ ಕಲೆ. ಬಯಲಾಟವನ್ನು ನೋಡಿ ಬೆಳೆದ ನಮ್ಮವರಿಗೆ ಇದನ್ನು ತಿಳಿಯಲು ಫ್ರೆಂಚರ ಸಹಾಯ ಬೇಕಿರಲಿಲ್ಲ ಎಂಬುದು ಬೇರೆ ಮಾತು. ದಾರಾಸಿಂಗರ ಶಕ್ತಿ ಸುಳ್ಳೆಂದು ಇದರ ತಾತ್ಪರ್ಯವಲ್ಲ. ಬಲವೂ ಪಟ್ಟುಗಳೂ ಅಪ್ಪಟವಾದುವು. ಅವುಗಳನ್ನು ಒಂದು ಕಥೆಯೊಳಗೆ ಅಳವಡಿಸಿ ತೋರಿಸುವ ವಿದ್ಯೆಯನ್ನು ಅವರು ಸಿನಿಮಾಕ್ಕೆ ಹೋಗುವ ಮೊದಲೇ ಕಲಿತಿದ್ದರೆಂಬುದಷ್ಟೇ ನಮ್ಮ ವಾದ.

ಇಂಥ ದಾಟುವಿಕೆ ಪಶ್ಚಿಮದಲ್ಲಿ ಆ ವೇಳೆಗೆ ಹಳೆಯದಾಗಿದ್ದಿತು. 1892ರ ಸೆಪ್ಟೆಂಬರ್ 7ರಂದು ಜಾನ್ ಸಲಿವನ್ನನನ್ನು ಸೋಲಿಸಿ ಮುಷ್ಟಿಯುದ್ಧದ ವಿಶ್ವ ಪದವಿಯನ್ನು ಪಡೆದ ಜೇಮ್ಸ್ ಕಾರ್ಬೆಟ್ಟನ ವ್ಯವಸ್ಥಾಪಕ ವಿಲಿಯಂ ಬ್ರೇಡಿ ನಾಟಕರಂಗದವನೇ ಆಗಿದ್ದನು. ಕಾರ್ಬೆಟ್ ‘ಜೆಂಟಲ್‌ಮನ್ ಜ್ಯಾಕ್’ ಎಂಬ ನಾಟಕದಲ್ಲಿ ಊರೂರು ತಿರುಗಿದನು. 1894ರಲ್ಲಿ ಎಡಿಸನ್ನನ ಯಂತ್ರದ ಮುಂದೆ ಮುಷ್ಟಿಯುದ್ಧವಾಡಿ ಚಲಚ್ಚಿತ್ರದ ಆದಿಕಾಲದಲ್ಲಿಯೇ ಹೆಸರು ಮಾಡಿದನು. ಅಮೆರಿಕದಲ್ಲಿ ರಾಜಾಶ್ರಯವೆಂಬುದೇ ಇರಲಿಲ್ಲವಾದ್ದರಿಂದ ಅಲ್ಲಿನ ಮಲ್ಲರು ಅದನ್ನು ಕಳೆದುಕೊಳ್ಳುವ ಪ್ರಸಂಗವೂ ಬರಲಿಲ್ಲ. ನಮ್ಮ ದೇಶದ ಸಂಗತಿಯ ವೈಶಿಷ್ಟ್ಯವಿರುವುದು ಈ ವ್ಯತ್ಯಾಸದಲ್ಲಿ.

ದಾರಾಸಿಂಗರು 1952ರ ‘ಸಂಗ್‌ದಿಲ್’ ಮೊದಲಾದ ಚಿತ್ರಗಳಲ್ಲಿ ಚಿಕ್ಕದಾಗಿ ಕಾಣಿಸಿಕೊಂಡಿದ್ದರೂ ನಾಯಕರಾದದ್ದು ಬಾಬುಭಾಯಿ ಮಿಸ್ತ್ರಿಯವರ ‘ಕಿಂಗ್‌ಕಾಂಗ್’ (1962) ಚಿತ್ರದಿಂದ. ಮಿಸ್ತ್ರಿ ಕಪ್ಪು ದಾರಗಳಿಂದ ವಸ್ತುಗಳನ್ನು ಆಕಾಶದಲ್ಲಿ ಹಾರಿಸಿ ‘ಕಾಲಾ ಧಾಗಾ’ ಎಂದೇ ಹೆಸರಾದ ಚಮತ್ಕಾರ ಛಾಯಾಗ್ರಾಹಕ. ಅವರ ಚಿತ್ರಗಳಲ್ಲಿ ಯಂತ್ರದ ಮಾಯೆ ಅರ್ಧ, ನಾಯಕನ ಮೈಕಟ್ಟು ಅರ್ಧ. ಹಿಂದೆ ವಾಡಿಯಾ ಸಂಸ್ಥೆಯ ಸಾಹಸಚಿತ್ರಗಳು, 1935ರ ‘ಹಂಟರ್‌ವಾಲಿ’ಯ ನಾದಿಯಾ, ‘ತೂಫಾನಿ ಟಾರ್ಜನ್’ (1937) ಚಿತ್ರದ ಜಾನ್ ಕಾವಸ್ ತೆರೆದಿದ್ದ ಹಾದಿಯಲ್ಲಿಯೇ ‘ಫೌಲಾದ್’ (1963), ‘ಸ್ಯಾಮ್ಸನ್’ (1964), ‘ಹರ್ಕ್ಯುಲಿಸ್’ (1964) ಮೊದಲಾದುವು ಬಂದುವು. ಹೆಸರುಗಳನ್ನು ನೋಡಿದರೇ ಸಾಕು: ಯಹೂದ್ಯ ಪುರಾಣ, ಗ್ರೀಕ್ ಪುರಾಣ, ಅಮೆರಿಕದ ಕಾದಂಬರಿ, ಎಲ್ಲಿ ಬಲಶಾಲಿಯಿದ್ದನೋ ಅಲ್ಲಿಂದೆಲ್ಲ ಅವನನ್ನು ಕರೆತಂದು ದಾರಾಸಿಂಗರ ಮೈಯಲ್ಲಿ ಇಳಿಸಿದರು. 1965ರ ‘ಸಿಕಂದರ್-ಎ-ಆಜಂ’ ಚಿತ್ರದಲ್ಲಿ ದಾರಾಸಿಂಗರು ಅಲೆಕ್ಸಾಂಡರನಾದರೆ ಪುರೂರಾಜನ ಪಾತ್ರ ಪೃಥ್ವೀರಾಜ ಕಪೂರರದು. ಸೊಹರಾಬ್ ಮೋದಿಯವರ 1941ರ ‘ಸಿಕಂದರ್’ ಚಿತ್ರದಲ್ಲಿ ಅಲೆಕ್ಸಾಂಡರನಾಗಿದ್ದವರೂ ಅದೇ ಪೃಥ್ವೀರಾಜರು.

ಚಿತ್ರರಂಗದೊಳಗೂ ಜಾತಿಭೇದವಿದೆ. ಸಾಹಸಚಿತ್ರಗಳು ಪಟ್ಟಣದ ದೊಡ್ಡ ಚಿತ್ರಮಂದಿರಗಳಿಗಿಂತ ಸಣ್ಣ ಊರುಗಳ ನೆಲದ ತರಗತಿಯ ಪ್ರೇಕ್ಷಕರನ್ನು ನಂಬಿದ್ದುವು. ವಿಮರ್ಶಕರು ಅವುಗಳನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ದಾರಾಸಿಂಗರೊಡನೆ ಹದಿನಾರು ಚಿತ್ರಗಳಲ್ಲಿ ನಾಯಿಕೆಯಾದ ಮುಮ್ತಾಜರನ್ನು ‘ಸ್ಟಂಟ್ ನಾಯಿಕೆ’ ಎಂದು ಜರೆದು ಹೆಸರಾಂತ ನಾಯಕನಟರು ಜೊತೆಯಲ್ಲಿ ನಟಿಸಲು ಹಿಂಜರಿದರೆಂಬುದು ಪ್ರಸಿದ್ಧ. ಆಕೆ 1969ರ ‘ದೋ ರಾಸ್ತೆ’ಯ ಹೊತ್ತಿಗೆ ಆ ಗೋಡೆಯನ್ನು ದಾಟಿದರು. ದಾರಾಸಿಂಗರು ದಾಟಲಿಲ್ಲ. 1971ರ ‘ಆನಂದ್’ ಚಿತ್ರದಲ್ಲಿ ಅವರಿಗೆ ಒದಗಿದ್ದು ಅಖಾಡದ ಗುರುವಿನ ಸಣ್ಣ ಪಾತ್ರವೇ. ಸಭ್ಯರ ಮನೆಯೊಳಕ್ಕೆ ಅವರನ್ನು ಕರೆದೊಯ್ದದ್ದು ಸಾಮಾಜಿಕ ಚಿತ್ರಗಳಲ್ಲ, ಪುರಾಣ.

ಅವರು 1965ರ ‘ಮಹಾಭಾರತ’ ಚಿತ್ರದಲ್ಲಿ ಭೀಮನಾದರು. ಚಂದ್ರಕಾಂತರ ನಿರ್ದೇಶನದ ‘ಬಜರಂಗಬಲಿ’ (1976) ಚಿತ್ರದಲ್ಲಿ ಹನುಮಂತನಾದರು. ರಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರದ ಬೆಳಗಿನಲ್ಲಿ ಪ್ರಸಾರವಾದಾಗ ಹನುಮಂತನ ಪಾತ್ರ ಪುನಃ ಅವರದಾಯಿತು. ಆಗ ಅವರಿಗೆ 58 ವರ್ಷ ತುಂಬಿತ್ತು. ಗರಡಿಮನೆಯನ್ನು ಬಲ್ಲವರಿಗೆ ಈ ಪಾತ್ರದ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಾಶಿಯ ಅಖಾಡದಿಂದ ಮೈಸೂರಿನ ಗರಡಿಯವರೆಗೆ ಮಲ್ಲನ ಇಷ್ಟದೈವ ಆಂಜನೇಯ. ಬ್ರಹ್ಮಚರ್ಯ, ಬಲ, ವಿನಯ ಈ ಮೂರೂ ಒಂದೆಡೆ ಸೇರಿದ ಮೂರ್ತಿ. ಸಾಮು ಮಾಡುವ ಹುಡುಗನು ಮೊದಲು ಅವನಿಗೆ ಕೈಮುಗಿದು ಅನಂತರ ಮಟ್ಟಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾನೆ. ಮಣ್ಣನ್ನು ಬಿಟ್ಟು ಹೋದವನೆಂದು ಆಕ್ಷೇಪಣೆಗೆ ಗುರಿಯಾದ ಮಲ್ಲನು ಮುಪ್ಪಿನ ಹೊಸ್ತಿಲಲ್ಲಿ ಆ ಮಣ್ಣಿನ ದೇವರ ವೇಷದಲ್ಲಿಯೇ ದೇಶದ ಮನೆಮನೆಗೂ ಬಂದನು. ಬೇರೆ ಯಾವ ನಟನಿಗೂ ಈ ವೇಷ ಹೀಗೆ ಕೂಡಿಬರುತ್ತಿರಲಿಲ್ಲವೆಂದು ನಾವು ಭಾವಿಸುತ್ತೇವೆ. ಹೆಗಲಿನ ಮೇಲೆ ಗದೆಯನ್ನಿಡುವ ಭಂಗಿ ಅವರಿಗೆ ಅಭಿನಯವಾಗಿರಲಿಲ್ಲ. ಕುಸ್ತಿಯಲ್ಲಿ ಗೆದ್ದವನಿಗೆ ಕೊಡುವ ಬಹುಮಾನವೇ ಗದೆಯಲ್ಲವೆ!

ಇಲ್ಲಿ ಆಕರಗಳ ವಿಷಯವಾಗಿ ಒಂದು ಮಾತು. ದಾರಾಸಿಂಗರು 500 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲವೆಂದು ಜನಪ್ರಿಯ ಬರಹಗಳು ಪುನಃ ಪುನಃ ಹೇಳುತ್ತವೆ. ಟಿಕೆಟ್ಟಿನ ಕುಸ್ತಿಯಲ್ಲಿ ಗೆಲವು ಸೋಲುಗಳ ಲೆಕ್ಕವು ಪ್ರಚಾರದ ಅಂಗವಾದುದರಿಂದ ಈ ಅಂಕಿಯನ್ನು ಶಾಸನಗಳ ಪ್ರಶಸ್ತಿಭಾಗದಲ್ಲಿ ಬರುವ ಬಿರುದಿನಂತೆ ಓದಿಕೊಳ್ಳುವುದು ಕ್ಷೇಮ. ಹಾಗೆಯೇ 1983ರಲ್ಲಿ ದೆಹಲಿಯಲ್ಲಿ ನಡೆದ ಅವರ ಬೀಳ್ಕೊಡುಗೆಯ ಪಂದ್ಯಾವಳಿಯನ್ನು ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಉದ್ಘಾಟಿಸಿದರೆಂದು ಕೆಲವೆಡೆ ಅಚ್ಚಾಗಿದೆ. ರಾಜೀವ ಗಾಂಧಿಯವರು ಪ್ರಧಾನಿಯಾದುದು 1984ರ ಅಕ್ಟೋಬರ್ 31ರಂದು. ಅವರು ಉದ್ಘಾಟಿಸಿದುದು ನಿಜವಾದರೂ ಪ್ರಧಾನಿಯಾಗಿ ಉದ್ಘಾಟಿಸಿರಲಾರರು. ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳು ಇಂಥ ಹಗುರವೆನಿಸುವ ವಿಷಯಗಳಲ್ಲಿಯೇ ಬೆಳೆಸಿಕೊಳ್ಳಬಹುದು. ಇನ್ನೊಂದು ವಿಷಯವೂ ಈ ಇಸವಿಗಳಿಂದ ಸ್ಪಷ್ಟಪಡುತ್ತದೆ. ನಾಯಕನಟನಾದುದು 1962, ಕುಸ್ತಿಯಿಂದ ನಿವೃತ್ತರಾದುದು 1983. ನಡುವಣ 21 ವರ್ಷ ಎರಡೂ ವೃತ್ತಿಗಳು ಜೊತೆಯಾಗಿ ನಡೆದುವು. ಒಂದರ ಜಾಹೀರಾತು ಇನ್ನೊಂದು. ಎರಡನೆಯ ವೃತ್ತಿಯೆಂದು ನಾವು ಶೀರ್ಷಿಕೆಯಲ್ಲಿ ಬಳಸಿದ್ದು ರೂಢಿಯ ಮಾತನ್ನು ಅನುಸರಿಸಿ ಮಾತ್ರ.

ಈ ನಡುವೆ ಅವರು ಪಂಜಾಬಿ ಚಿತ್ರಗಳನ್ನು ನಿರ್ಮಿಸಿ ನಿರ್ದೇಶಿಸಿದರು. 1978ರಲ್ಲಿ ಮೊಹಾಲಿಯಲ್ಲಿ ಚಿತ್ರೀಕರಣಶಾಲೆಯನ್ನು ಸ್ಥಾಪಿಸಿದರು. ಅಂದರೆ ಆಶ್ರಯವನ್ನು ಬೇಡುವ ಸ್ಥಾನದಿಂದ ಕೊಡುವ ಸ್ಥಾನಕ್ಕೆ ಏರಿದರು. 2003ರಲ್ಲಿ ರಾಷ್ಟ್ರಪತಿಗಳು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು, 2009ರವರೆಗೆ ಸದಸ್ಯರಾಗಿದ್ದರು. ಸಂವಿಧಾನದ 80ನೆಯ ಅನುಚ್ಛೇದದಲ್ಲಿ ನಾಮಕರಣಕ್ಕೆ ಹೇಳಿರುವ ಕ್ಷೇತ್ರಗಳು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಈ ನಾಲ್ಕೇ. ಕ್ರೀಡೆಯ ಹೆಸರು ಅಲ್ಲಿಲ್ಲ. ಮಲ್ಲನು ಗಣರಾಜ್ಯದ ಸಭೆಯನ್ನು ಪ್ರವೇಶಿಸಬೇಕಾದರೂ ಸೋಮೇಶ್ವರನ ಕಾಲದಂತೆಯೇ ಕಲೆಗಳ ಸಾಲಿನಲ್ಲಿ ಹಾದುಹೋಗಬೇಕಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಉದಾಹರಣೆ ಎಂ. ಪಿ. ಶಂಕರ್ ಅವರದು. ಮೈಸೂರಿನ ಗರಡಿಯಲ್ಲಿ ಮೈ ಪಳಗಿಸಿ ಕುಸ್ತಿಯಿಂದ ಚಿತ್ರರಂಗಕ್ಕೆ ಬಂದ ಅವರನ್ನು 1965ರ ‘ಸತ್ಯ ಹರಿಶ್ಚಂದ್ರ’ದ ವೀರಬಾಹುವಾಗಿ ಕಂಡವರು ಮರೆತಿಲ್ಲ. ಅವರೂ ನಟನೆಯಲ್ಲಿಯೇ ನಿಲ್ಲದೆ ನಿರ್ಮಾಪಕರಾಗಿ 1973ರಲ್ಲಿ ‘ಗಂಧದ ಗುಡಿ’ಯನ್ನು ಕೊಟ್ಟರು. 2008ರಲ್ಲಿ ನಿಧನರಾದ ಶಂಕರ್ ಅವರ ಜೀವನವನ್ನು ಮೈಸೂರಿನ ಗರಡಿಗಳ ಚರಿತ್ರೆಯೊಡನೆ ಸೇರಿಸಿ ಯಾರಾದರೂ ಸಂಶೋಧಕರು ಬರೆಯಬೇಕಾಗಿದೆ.

ಅರಮನೆ ಹೋದ ಮೇಲೆ ದೇಹಬಲಕ್ಕೆ ಎರಡು ಹಾದಿಗಳು ತೆರೆದಿದ್ದುವು. ಟಿಕೆಟ್ಟಿನ ಹಾದಿಯನ್ನು ಮೇಲೆ ವಿವರಿಸಿದ್ದೇವೆ. ಮತ್ತೊಂದು ಸರಕಾರದ ಹಾದಿ: ರೈಲ್ವೆ, ಪೋಲೀಸು, ಸೈನ್ಯಗಳಲ್ಲಿ ನೌಕರಿ ಪಡೆದು, ಹಣಕ್ಕಾಗಿ ಆಡದೆ ದೇಶಕ್ಕಾಗಿ ಆಡುವುದು. ಈ ಎರಡು ಹಾದಿಗಳ ಪಥಿಕರು ಒಂದು ಸಲ ಮುಖಾಮುಖಿಯಾದರು. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ವು 1988ರಿಂದ 1990ರವರೆಗೆ ದೂರದರ್ಶನದಲ್ಲಿ ಬಂದಾಗ ಅದರಲ್ಲಿಯೂ ಹನುಮಂತ ದಾರಾಸಿಂಗರೇ, ಭೀಮನ ಪಾತ್ರ ಪ್ರವೀಣಕುಮಾರ್ ಸೋಬ್ತಿಯವರದು. ಸೋಬ್ತಿ 1966 ಮತ್ತು 1970ರ ಏಷ್ಯಾ ಕ್ರೀಡಾಕೂಟಗಳಲ್ಲಿ ಡಿಸ್ಕಸ್ ಎಸೆತದಲ್ಲಿ ಚಿನ್ನದ ಪದಕಗಳನ್ನು ಗಳಿಸಿದವರು. 1968 ಮತ್ತು 1972ರ ಒಲಿಂಪಿಕ್ ಕೂಟಗಳಲ್ಲಿ ದೇಶವನ್ನು ಪ್ರತಿನಿಧಿಸಿದವರು. ಗಡಿ ಭದ್ರತಾ ಪಡೆಯ ನೌಕರರು. ಸೌಗಂಧಿಕಾ ಪುಷ್ಪವನ್ನು ಅರಸಿ ಹೊರಟ ಭೀಮನು ದಾರಿಯಲ್ಲಿ ಅಡ್ಡಬಿದ್ದ ಮುದಿಕಪಿಯ ಬಾಲವನ್ನು ಎತ್ತಲಾರದೆ ನಿಂತ ಪ್ರಸಂಗವನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ದಾರಾಸಿಂಗರು 2007ರ ‘ಜಬ್ ವಿ ಮೆಟ್’ ಚಿತ್ರದಲ್ಲಿ ಅಜ್ಜನ ಪಾತ್ರವನ್ನು ವಹಿಸಿ, 2012ರ ಜುಲೈ 12ರಂದು ಮುಂಬಯಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಪ್ರವೀಣಕುಮಾರರು 2022ರ ಫೆಬ್ರವರಿಯಲ್ಲಿ ನಿಧನರಾದರು. ಅದಕ್ಕೆ ಕೆಲವು ವಾರಗಳ ಹಿಂದೆ, ಇತರ ಪದಕವಿಜೇತರಿಗೆ ದೊರೆಯುವ ಪಿಂಚಣಿಯನ್ನು ತಮಗೂ ಕೊಡಬೇಕೆಂದು ಅವರು ಪಂಜಾಬ್ ಸರಕಾರವನ್ನು ಪ್ರಾರ್ಥಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.